ಫ್ಲಾಟಿಗೆ ಆರು ಲಕ್ಷ, ಷೇರಿಗೆ ಸಾವಿರದ ಇನ್ನೂರು: ಇದು ಯಾವ ನ್ಯಾಯ?

ಪ್ರಶ್ನೆ: ನಾನು ದಾವಣಗೆರೆಯವನು, ನಿವೃತ್ತ ಬ್ಯಾಂಕ್ ಉದ್ಯೋಗಿ. ಬೆಂಗಳೂರಿನ ಯಲಹಂಕದ ಬಳಿ ಹತ್ತು ವರ್ಷ ಹಳೆಯದಾದ ಫ್ಲಾಟೊಂದನ್ನು 80 ಲಕ್ಷ ರೂಪಾಯಿಗೆ ಮಾತನಾಡಿದ್ದೇವೆ. ಸರ್ಕಾರದ ಮಾರ್ಗಸೂಚಿ ದರದಂತೆ ಅದರ ಮೌಲ್ಯ 62 ಲಕ್ಷ. ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಎಂದು ಆರು ಲಕ್ಷದ ಮೇಲೆ ಕಟ್ಟಬೇಕಂತೆ. ಪುಣೆಯಲ್ಲಿ ಕೆಲಸದಲ್ಲಿರುವ ನನ್ನ ಮಗ ಷೇರು ವ್ಯವಹಾರ ಮಾಡುತ್ತಾನೆ. 80 ಲಕ್ಷದ ಷೇರು ಕೊಂಡರೂ ಮುದ್ರಾಂಕ ಶುಲ್ಕ ಸಾವಿರದ ಇನ್ನೂರು ರೂಪಾಯಿ ಮಾತ್ರ ಎಂದು ಅವನು ಬಿಲ್ ತೋರಿಸಿದಾಗ ನನಗೆ ನಂಬಲಾಗಲಿಲ್ಲ. ಜೀವಮಾನದಲ್ಲಿ ಒಮ್ಮೆ ಮನೆ ಕೊಳ್ಳುವವನಿಂದ ಇಷ್ಟು ಕಸಿದುಕೊಂಡು, ಷೇರಿನವರನ್ನು ಸರ್ಕಾರ ಹೀಗೆ ಬಿಟ್ಟುಬಿಡುವುದೇಕೆ? ಆ ಹಣವೂ ಮುಂಬೈ ಪಾಲಾಗುತ್ತದೆಯೇ? ದಲ್ಲಾಳಿ ಹೇಳುವಂತೆ ಪತ್ರದಲ್ಲಿ 62 ಲಕ್ಷ ತೋರಿಸಿ ಉಳಿದ 18 ಲಕ್ಷ ನಗದು ಕೊಟ್ಟರೆ ಏನಾಗುತ್ತದೆ? ಸ್ನೇಹಿತರೊಬ್ಬರು, ಒಂದು ಕಂಪನಿ ಮಾಡಿ ಅದರ ಹೆಸರಿನಲ್ಲಿ ಮನೆ ಇಟ್ಟರೆ ಮುಂದೆ ಷೇರು ವರ್ಗಾಯಿಸಿ ಶುಲ್ಕ ಉಳಿಸಬಹುದು ಎನ್ನುತ್ತಾರೆ. ಹೆಂಡತಿಯ ಹೆಸರಿಗೆ ಮಾಡಿಸಿದರೆ ರಿಯಾಯಿತಿ ಉಂಟೇ? ದಯವಿಟ್ಟು ತಿಳಿಸಿ.

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಐದಾರಿದ್ದರೂ ಮನಸ್ಸಿಗೆ ನಾಟಿರುವ ಮುಳ್ಳು ಒಂದೇ. ಅಷ್ಟೇ ಮೊತ್ತಕ್ಕೆ ಇಬ್ಬರು ಏನನ್ನೋ ಕೊಂಡರು. ಒಬ್ಬರಿಗೆ ಲಕ್ಷಗಳಲ್ಲಿ ಹೊರೆ, ಇನ್ನೊಬ್ಬರಿಗೆ ಒಂದು ಹೋಟೆಲ್ ಊಟದ ಖರ್ಚು. ಉಪನೋಂದಣಾಧಿಕಾರಿಯಾಗಿ ಕುಳಿತಿದ್ದಷ್ಟೂ ವರ್ಷ ಈ ಸಿಟ್ಟನ್ನು ಮೇಜಿನ ಆಚೆ ಬದಿಯಿಂದ ಕೇಳಿದ್ದೇನೆ. ಆಗ ಉತ್ತರಿಸಲು ಪುರುಸೊತ್ತು ಇರಲಿಲ್ಲ, ಹಿಂದೆ ಸಾಲು ನಿಂತಿರುತ್ತಿತ್ತು. ಈಗ ಇದೆ.

ಮೊದಲು ನಿಮ್ಮ ಲೆಕ್ಕ ಸರಿಯಾಗಿದೆಯೇ ನೋಡೋಣ. ಕರ್ನಾಟಕದಲ್ಲಿ ಕ್ರಯಪತ್ರಕ್ಕೆ ಮುದ್ರಾಂಕ ಶುಲ್ಕ ಶೇ 5. 80 ಲಕ್ಷಕ್ಕೆ 4 ಲಕ್ಷ ರೂಪಾಯಿ. ಆ 4 ಲಕ್ಷದ ಮೇಲೆ ಶೇ 10ರಷ್ಟು ಸೆಸ್, ಅಂದರೆ 40,000. ನಗರ ಪ್ರದೇಶವಾದ್ದರಿಂದ ಶೇ 2ರಷ್ಟು ಸರ್‌ಚಾರ್ಜ್, ಅಂದರೆ 8,000. ಹಳ್ಳಿಯಲ್ಲಾಗಿದ್ದರೆ ಇದು ಶೇ 3 ಆಗುತ್ತಿತ್ತು. ಇಲ್ಲಿಗೆ 4,48,000. ಇದರ ಮೇಲೆ ನೋಂದಣಿ ಶುಲ್ಕ ಶೇ 2, ಅಂದರೆ 1,60,000. ಒಟ್ಟು 6,08,000 ರೂಪಾಯಿ. ನೋಂದಣಿ ಶುಲ್ಕ 2025ರ ಆಗಸ್ಟ್ 31ಕ್ಕೆ ಮೊದಲು ಶೇ 1 ಇತ್ತು. ನೀವು ಅದಕ್ಕೆ ಮುಂಚೆ ಕೊಂಡಿದ್ದರೆ 80,000 ಉಳಿಯುತ್ತಿತ್ತು. 45 ಲಕ್ಷದೊಳಗಿನ ಫ್ಲಾಟುಗಳ ಮೊದಲ ನೋಂದಣಿಗೆ ಕಡಿಮೆ ದರವಿದೆ. ನಿಮ್ಮದು ಮೊತ್ತದಲ್ಲೂ ದೊಡ್ಡದು, ಮರುಮಾರಾಟವೂ ಹೌದು. ಅದು ನಿಮಗೆ ಸಿಗುವುದಿಲ್ಲ.

ನಿಮ್ಮ ಮಗ ತೋರಿಸಿದ ಬಿಲ್ಲೂ ಸರಿಯಾದದ್ದೇ. ಷೇರನ್ನು ಕೊಂಡು ಡಿಮ್ಯಾಟ್ ಖಾತೆಯಲ್ಲಿ ಇಟ್ಟುಕೊಂಡರೆ ಮುದ್ರಾಂಕ ಶುಲ್ಕ ಶೇ 0.015, ಅದೂ ಕೊಳ್ಳುವವರಿಂದ ಮಾತ್ರ. 80 ಲಕ್ಷಕ್ಕೆ 1,200 ರೂಪಾಯಿ. ಬೆಳಿಗ್ಗೆ ಕೊಂಡು ಸಂಜೆ ಮಾರುವ ವ್ಯವಹಾರಕ್ಕೆ ಶೇ 0.003, ಮುಂದಿನ ದಿನಾಂಕಕ್ಕೆ ಮಾಡುವ ಕರಾರು ವ್ಯವಹಾರಕ್ಕೆ (ಫ್ಯೂಚರ್ಸ್) ಶೇ 0.002.

ಆದರೆ ಆ ಬಿಲ್ಲನ್ನು ಇನ್ನೊಮ್ಮೆ ತೆಗೆದು ನೋಡಿ. ಮುದ್ರಾಂಕ ಶುಲ್ಕದ ಸಾಲಿನ ಹತ್ತಿರದಲ್ಲೇ ಎಸ್‌ಟಿಟಿ ಎಂಬ ಇನ್ನೊಂದು ಸಾಲು ಇರುತ್ತದೆ. ಷೇರು ವಹಿವಾಟು ತೆರಿಗೆ. ಅದು ಶೇ 0.1, ಕೊಳ್ಳುವಾಗಲೂ ಉಂಟು, ಮಾರುವಾಗಲೂ ಉಂಟು. 80 ಲಕ್ಷದ ಖರೀದಿಗೆ 8,000, ಮಾರಿದಾಗ ಮತ್ತೆ 8,000. ನಿಮ್ಮ ಮಗ ಆ 80 ಲಕ್ಷವನ್ನು ವರ್ಷಕ್ಕೆ ಐದು ಸಲ ಕೊಂಡು ಮಾರಿದ, ಹತ್ತು ವರ್ಷ ಹಾಗೆಯೇ ಮಾಡಿದ ಎಂದುಕೊಳ್ಳಿ. ಎಸ್‌ಟಿಟಿಯೇ 8 ಲಕ್ಷ ಆಗುತ್ತದೆ, ನಿಮ್ಮ ಆರು ಲಕ್ಷವನ್ನು ದಾಟಿ ಹೋಗುತ್ತದೆ. ಅದೇ ಹತ್ತು ವರ್ಷದಲ್ಲಿ ಅವನ ಮುದ್ರಾಂಕ ಶುಲ್ಕ 60,000 ಮಾತ್ರ. ಅಂದರೆ ಷೇರಿನವರನ್ನು ಯಾರೂ ಬಿಟ್ಟಿಲ್ಲ. ಅವರಿಂದ ಕೇಂದ್ರ ಸರ್ಕಾರ ತೆಗೆದುಕೊಳ್ಳುತ್ತದೆ, ನಿಮ್ಮಿಂದ ರಾಜ್ಯ ಸರ್ಕಾರ ತೆಗೆದುಕೊಳ್ಳುತ್ತದೆ. ಎಸ್‌ಟಿಟಿ 2004ರ ಅಕ್ಟೋಬರ್ 1ರಂದು ಜಾರಿಗೆ ಬಂದದ್ದು, ಅದು ಹೋಗುವುದು ದೆಹಲಿಗೆ. ರಾಜ್ಯಕ್ಕೆ ಬರುವುದು ಆ ಸಾವಿರದ ಇನ್ನೂರೇ.

ಈ ವಿಂಗಡಣೆ ಯಾರೋ ಮಂತ್ರಿ ಮನಸ್ಸು ಮಾಡಿ ತಂದದ್ದಲ್ಲ, ಸಂವಿಧಾನದಲ್ಲೇ ಇದೆ. ಏಳನೇ ಅನುಸೂಚಿಯಲ್ಲಿ ಮೂರು ಪಟ್ಟಿಗಳಿವೆ ಎಂದು ಶಾಲೆಯಲ್ಲಿ ಓದಿದ್ದೀರಿ. ಕೇಂದ್ರ ಪಟ್ಟಿಯ 91ನೇ ನಮೂದಿನಲ್ಲಿ ಚೆಕ್, ವಿಮಾ ಪಾಲಿಸಿ, ರಸೀದಿ, ಷೇರು ವರ್ಗಾವಣೆ ಮೊದಲಾದವುಗಳ ಮುದ್ರಾಂಕ ಶುಲ್ಕದ ದರ ನಿಗದಿ ಮಾಡುವ ಅಧಿಕಾರ ಸಂಸತ್ತಿಗೆ ಸೇರಿದೆ. ಉಳಿದ ಎಲ್ಲ ದಸ್ತಾವೇಜುಗಳ ದರ ರಾಜ್ಯ ಪಟ್ಟಿಯ 63ನೇ ನಮೂದಿನಲ್ಲಿದೆ. ಕ್ರಯಪತ್ರ, ದಾನಪತ್ರ, ಗುತ್ತಿಗೆ, ಅಡಮಾನ ಎಲ್ಲವೂ ಅದರಲ್ಲಿ ಬರುತ್ತವೆ. 268ನೇ ವಿಧಿಯಲ್ಲಿ ಒಂದು ವಿಚಿತ್ರ ಏರ್ಪಾಡಿದೆ. ಮೊದಲ ಗುಂಪಿನ ಶುಲ್ಕಗಳ ದರವನ್ನು ಹೇಳುವುದು ಕೇಂದ್ರ, ವಸೂಲಿಯಾದ ಹಣವನ್ನು ಇಟ್ಟುಕೊಳ್ಳುವುದು ರಾಜ್ಯ. ಊಟ ರಾಜ್ಯದ್ದೇ, ಆದರೆ ಬಡಿಸುವ ಸೌಟು ಕೇಂದ್ರದ ಕೈಯಲ್ಲಿ.

ಹಾಗಾಗಿ ಷೇರಿನ ಮೇಲೆ ಇನ್ನಷ್ಟು ಹಾಕಿ ಮನೆ ಕೊಳ್ಳುವವರ ಹೊರೆ ಇಳಿಸಲಿ ಎಂದರೆ, ಕರ್ನಾಟಕ ಸರ್ಕಾರ ಇಚ್ಛೆಪಟ್ಟರೂ 0.015ನ್ನು 0.016 ಮಾಡಲಾಗದು.

ಇನ್ನು ಹಣ ಮುಂಬೈ ಪಾಲಾಗುತ್ತದೆ ಎಂಬ ಮಾತು. ಇದು ಪೂರಾ ಕಟ್ಟುಕಥೆಯಲ್ಲ, ಹಳಸಿದ ಸುದ್ದಿ. 2020ರ ಜುಲೈ 1ರವರೆಗೆ ಷೇರಿನ ಮುದ್ರಾಂಕ ಶುಲ್ಕ ನಿಜಕ್ಕೂ ಗೋಜಲಾಗಿತ್ತು. ಒಂದೊಂದು ರಾಜ್ಯದಲ್ಲಿ ಒಂದೊಂದು ದರ, ದಲ್ಲಾಳಿ ಸಂಸ್ಥೆ ಎಲ್ಲಿದೆ, ಗ್ರಾಹಕ ಎಲ್ಲಿದ್ದಾನೆ, ಶುಲ್ಕ ಯಾರಿಗೆ ಎಂಬ ತಕರಾರು. 2019ರ ಹಣಕಾಸು ಕಾಯ್ದೆಯ ಮೂಲಕ 1899ರ ಭಾರತೀಯ ಮುದ್ರಾಂಕ ಕಾಯ್ದೆಗೆ ತಿದ್ದುಪಡಿ ತಂದು, ದೇಶಕ್ಕೆಲ್ಲ ಒಂದೇ ದರ ಮಾಡಿದರು. ಎರಡು ಸಲ ಮುಂದೂಡಿ ಕೊನೆಗೆ 2020ರ ಜುಲೈನಲ್ಲಿ ಜಾರಿಯಾಯಿತು. ಈಗ ಷೇರು ವಿನಿಮಯ ಕೇಂದ್ರವೋ, ವಹಿವಾಟಿನ ಲೆಕ್ಕ ತೀರಿಸುವ ಅದರ ಕ್ಲಿಯರಿಂಗ್ ಸಂಸ್ಥೆಯೋ, ಡಿಮ್ಯಾಟ್ ಷೇರುಗಳನ್ನು ಕಾಪಿಡುವ ಡಿಪಾಸಿಟರಿಯೋ ಶುಲ್ಕ ಹಿಡಿದುಕೊಂಡು, ತಿಂಗಳು ಮುಗಿದ ಮೂರು ವಾರದೊಳಗೆ ಆಯಾ ರಾಜ್ಯಕ್ಕೆ ಕಳಿಸಬೇಕು. ಈ ಕೆಲಸಕ್ಕೆ ಅವರು ಇಟ್ಟುಕೊಳ್ಳುವುದು ವಸೂಲಿಯ ಶೇ 0.2. ಯಾವ ರಾಜ್ಯಕ್ಕೆ ಎಂದರೆ, ಕೊಂಡವರು ಯಾವ ರಾಜ್ಯದ ನಿವಾಸಿಯೋ ಆ ರಾಜ್ಯಕ್ಕೆ. ವಿನಿಮಯ ಕೇಂದ್ರ ಮುಂಬೈಯಲ್ಲಿದ್ದ ಮಾತ್ರಕ್ಕೆ ಹಣ ಅಲ್ಲೇ ಉಳಿಯುವುದಿಲ್ಲ.

ವಸೂಲಿಯ ದೃಷ್ಟಿಯಿಂದ ಹೇಳುವುದಾದರೆ ಇದಕ್ಕಿಂತ ಸಲೀಸಾದ ಶುಲ್ಕ ನಾನು ಕಂಡಿಲ್ಲ. ಕಚೇರಿ ಬೇಡ, ಸಾಲು ಬೇಡ, ಬೆರಳಚ್ಚು ಬೇಡ, ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ. ನಾವು ಕಾಗದ ನಂಬಿ ಕೆಟ್ಟವರು. ಖಾನಾಪುರದ ಅಬ್ದುಲ್ ಕರೀಂ ತೆಲಗಿ ಖೋಟಾ ಛಾಪಾ ಕಾಗದದಿಂದ ಏನು ಮಾಡಿದ ಎಂದು ನಿಮ್ಮ ವಯಸ್ಸಿನವರಿಗೆ ಹೇಳಬೇಕಿಲ್ಲ. ಅದರ ನಂತರ ಛಾಪಾ ಕಾಗದವೇ ಹೋಯಿತು, ಇ-ಸ್ಟಾಂಪ್ ಬಂತು. ಈಗಲೂ ಬಾಡಿಗೆ ಕರಾರಿಗೆ ಬರುವವರು ‘ಛಾಪಾ ಕಾಗದ ಕೊಡಿ’ ಎಂದೇ ಕೇಳುತ್ತಾರೆ.

ಸಲೀಸಾದರೂ ಮೊತ್ತ ಸಣ್ಣದು. ಒಂದು ಕೋಟಿಯ ಫ್ಲಾಟಿನಿಂದ ರಾಜ್ಯಕ್ಕೆ 7,60,000 ರೂಪಾಯಿ ಬರುತ್ತದೆ. ಅಷ್ಟೇ ಹಣ ಷೇರಿನಿಂದ ಬರಬೇಕಾದರೆ ಕನ್ನಡನಾಡಿನವರು ಸುಮಾರು 507 ಕೋಟಿ ರೂಪಾಯಿಯ ಷೇರು ಕೊಂಡು ಇಟ್ಟುಕೊಳ್ಳಬೇಕು.

ಹಾಗಾದರೆ ಕೇಂದ್ರವಾದರೂ ಈ ದರವನ್ನು ಇಷ್ಟು ಕೆಳಗೆ ಇಟ್ಟದ್ದೇಕೆ? ಇದಕ್ಕೆ ಹೊರಗಿನ ಒಂದು ಪಾಠ ಇದೆ. ಸ್ವೀಡನ್ ದೇಶ 1984ರಲ್ಲಿ ಷೇರು ಕೊಂಡು ಮಾರುವುದಕ್ಕೆ ಒಟ್ಟು ಶೇ 1ರಷ್ಟು ತೆರಿಗೆ ಹಾಕಿತು, 1986ರಲ್ಲಿ ಅದನ್ನು ದುಪ್ಪಟ್ಟು ಮಾಡಿತು. ಅಲ್ಲಿನ ದೊಡ್ಡ ಷೇರುಗಳ ವಹಿವಾಟಿನಲ್ಲಿ ಬಹುಪಾಲು ಲಂಡನ್ನಿಗೆ ಓಡಿತು. 1991ರಲ್ಲಿ ತೆರಿಗೆಯನ್ನೇ ತೆಗೆದುಹಾಕಿದರು. ನ್ಯೂಯಾರ್ಕ್ ರಾಜ್ಯದ ಕಥೆ ಇನ್ನೂ ತಮಾಷೆಯದು. 1905ರಿಂದಲೂ ಅಲ್ಲಿ ಷೇರು ವರ್ಗಾವಣೆ ತೆರಿಗೆ ಇದೆ. 1981ರಿಂದ ಕಟ್ಟಿದಷ್ಟನ್ನೂ ಮರಳಿಸುವ ವ್ಯವಸ್ಥೆ ಮಾಡಿ, ತೆರಿಗೆಯನ್ನು ಕಾಗದದ ಮೇಲೆ ಮಾತ್ರ ಉಳಿಸಿಕೊಂಡರು. ವಹಿವಾಟು ಪಕ್ಕದ ರಾಜ್ಯಕ್ಕೆ ಜಾರಿಬಿಟ್ಟರೆ ಎಂಬ ಭಯ.

ಷೇರು ಒಂದು ಗುಂಡಿ ಒತ್ತಿದರೆ ಊರು ಬದಲಿಸುತ್ತದೆ. ಯಲಹಂಕದ ಫ್ಲಾಟು ಯಲಹಂಕದಲ್ಲೇ ಇರುತ್ತದೆ. ಅದನ್ನು ಕೊಳ್ಳುವವರು ನೋಂದಣಿ ಮಾಡಿಸದೆ ವಿಧಿಯಿಲ್ಲ, ಏಕೆಂದರೆ 1908ರ ನೋಂದಣಿ ಕಾಯ್ದೆಯಂತೆ ನೂರು ರೂಪಾಯಿಗೆ ಮೇಲಿನ ಸ್ಥಿರಾಸ್ತಿಯ ಕ್ರಯಕ್ಕೆ ನೋಂದಣಿ ಕಡ್ಡಾಯ. ನಿಮ್ಮ ಮೇಲೆ ಯಾರಿಗೂ ದ್ವೇಷವಿಲ್ಲ ಸ್ವಾಮಿ. ಓಡಿಹೋಗಲಾರದ್ದರ ಮೇಲೆ ತೆರಿಗೆ ಬೀಳುತ್ತದೆ, ಅಷ್ಟೇ.

ಇದಕ್ಕೆ ಇನ್ನೊಂದು ಕಾರಣವೂ ಸೇರಿತು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ರಾಜ್ಯಗಳು ತಮ್ಮಿಷ್ಟಕ್ಕೆ ಏರಿಸಿ ಇಳಿಸಬಹುದಾದ ತೆರಿಗೆಗಳು ಬೆರಳೆಣಿಕೆಯಷ್ಟು ಉಳಿದವು: ಮದ್ಯದ ಅಬಕಾರಿ, ಪೆಟ್ರೋಲ್ ಡೀಸೆಲ್ ಮೇಲಿನ ಮಾರಾಟ ತೆರಿಗೆ, ವಾಹನ ತೆರಿಗೆ, ಮತ್ತು ನಮ್ಮ ಮುದ್ರಾಂಕ. 2025–26ರ ಆಯವ್ಯಯದಲ್ಲಿ ಕರ್ನಾಟಕ ವಾಣಿಜ್ಯ ತೆರಿಗೆಯಿಂದ 1.20 ಲಕ್ಷ ಕೋಟಿ, ಅಬಕಾರಿಯಿಂದ 40,000 ಕೋಟಿ, ಮುದ್ರಾಂಕ ಮತ್ತು ನೋಂದಣಿಯಿಂದ 28,000 ಕೋಟಿ ರೂಪಾಯಿಯ ಗುರಿ ಇಟ್ಟುಕೊಂಡಿತು. ಖಜಾನೆ ಬಿಗಿಯಾದಾಗ ಕೈ ಹೋಗುವುದು ಇವುಗಳ ಕಡೆಗೇ. 2023ರ ಅಕ್ಟೋಬರ್ 1ರಿಂದ ಮಾರ್ಗಸೂಚಿ ದರ ಏರಿತು, ಎರಡು ವರ್ಷ ತುಂಬುವ ಮೊದಲೇ ನೋಂದಣಿ ಶುಲ್ಕ ಇಮ್ಮಡಿಯಾಯಿತು. ಏರಿಸಿದರೆ ಗುರಿ ತಾನಾಗಿ ಮುಟ್ಟುತ್ತದೆ ಎಂದೇನಿಲ್ಲ. 2023–24ರಲ್ಲಿ 25,000 ಕೋಟಿಯ ಗುರಿ ಇಟ್ಟು ಮುಟ್ಟಲಾಗಲಿಲ್ಲ. ದರ ಏರುವ ಹಿಂದಿನ ವಾರ ಜನ ಮುಗಿಬಿದ್ದು ನೋಂದಣಿ ಮಾಡಿಸುತ್ತಾರೆ, ಮರುವಾರ ಕಚೇರಿ ಭಣಗುಡುತ್ತದೆ. ಆಸ್ತಿ ಮಾರುಕಟ್ಟೆ ಮಲಗಿದರೆ ಈ ಆದಾಯವೂ ಮಲಗುತ್ತದೆ. ಸಂಬಳದಂತೆ ತಿಂಗಳು ತಿಂಗಳು ಬರುವ ಹಣವಲ್ಲ ಇದು.

ನೆರೆಯ ರಾಜ್ಯಗಳಿಗಿಂತ ನಮ್ಮಲ್ಲಿ ಕಡಿಮೆ ಎಂಬುದು ಸರ್ಕಾರದ ಸಮರ್ಥನೆ. ಕೇರಳ, ತಮಿಳುನಾಡಿನ ಮಟ್ಟಿಗೆ ಅದು ಸುಳ್ಳಲ್ಲ. ಕೇರಳದಲ್ಲಿ ಮುದ್ರಾಂಕ ಶೇ 8, ನೋಂದಣಿ ಶೇ 2. ತಮಿಳುನಾಡಿನಲ್ಲಿ ಶೇ 7 ಮತ್ತು ಶೇ 2. ಆದರೂ ನೋಂದಣಿ ಶುಲ್ಕದ ವಿಚಾರದಲ್ಲಿ ನನ್ನ ತಕರಾರು ಇದೆ. ಮುದ್ರಾಂಕ ತೆರಿಗೆ, ಅದನ್ನು ಮೌಲ್ಯದ ಮೇಲೆ ಹಾಕಿದರೆ ಒಪ್ಪಬಹುದು. ನೋಂದಣಿಯದ್ದು ಹೆಸರಿಗೆ ‘ಶುಲ್ಕ’, ಅಂದರೆ ಮಾಡಿದ ಕೆಲಸಕ್ಕೆ ಪ್ರತಿಫಲ. 20 ಲಕ್ಷದ ಪತ್ರಕ್ಕೂ 80 ಲಕ್ಷದ ಪತ್ರಕ್ಕೂ ನಾನು ಮಾಡುತ್ತಿದ್ದ ಕೆಲಸ ಒಂದೇ: ಗುರುತು ನೋಡುವುದು, ಫೋಟೋ, ಹೆಬ್ಬೆಟ್ಟು, ಸ್ಕ್ಯಾನ್. ನಿಮ್ಮಿಂದ ಒಂದು ಲಕ್ಷ ಅರವತ್ತು ಸಾವಿರ ತೆಗೆದುಕೊಳ್ಳುವಂಥ ಕೆಲಸವನ್ನು ನನ್ನ ಸೇವೆಯಲ್ಲಿ ಒಂದು ದಿನವೂ ಮಾಡಿದ ನೆನಪಿಲ್ಲ.

ಒಂದು ಗೊಂದಲವನ್ನು ಇಲ್ಲೇ ಬಿಡಿಸಿಬಿಡುತ್ತೇನೆ. ‘ಇಷ್ಟು ಕಟ್ಟಿದ ಮೇಲೂ ವರ್ಷ ವರ್ಷ ಆಸ್ತಿ ತೆರಿಗೆ ಏಕೆ’ ಎಂದು ಬಹಳ ಜನ ಕೇಳುತ್ತಾರೆ. ಆಸ್ತಿ ತೆರಿಗೆ ಬೇರೆ. ಅದು ಪಾಲಿಕೆ, ಪುರಸಭೆ ಅಥವಾ ಗ್ರಾಮ ಪಂಚಾಯಿತಿಯದ್ದು. ನೀವು ನೋಂದಣಿ ದಿನ ಕಟ್ಟುವುದು ರಾಜ್ಯದ ಖಜಾನೆಗೆ. ಅದರಲ್ಲಿ ಆ ಸಣ್ಣ ಸರ್‌ಚಾರ್ಜ್ ಮಾತ್ರ ಸ್ಥಳೀಯ ಸಂಸ್ಥೆಗಳ ಲೆಕ್ಕದ್ದು.

ಈಗ ದಲ್ಲಾಳಿಯ ಸಲಹೆಗೆ ಬರುತ್ತೇನೆ, ಏಕೆಂದರೆ ಇದೇ ನಿಮಗೆ ನಿಜವಾಗಿ ಪೆಟ್ಟು ಕೊಡಬಲ್ಲದ್ದು. ಮುದ್ರಾಂಕ ಶುಲ್ಕ ಬೀಳುವುದು ಮಾರ್ಗಸೂಚಿ ದರ ಮತ್ತು ನಿಜವಾದ ಬೆಲೆ ಇವೆರಡರಲ್ಲಿ ಹೆಚ್ಚಿನದರ ಮೇಲೆ. ಪತ್ರದಲ್ಲಿ 62 ಲಕ್ಷ ಬರೆದರೆ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶ ತಕರಾರು ಮಾಡುವುದಿಲ್ಲ, ಅಧಿಕಾರಿಯೂ ಮಾಡುವುದಿಲ್ಲ. ಆ ಕಾರಣಕ್ಕೇ ಇದು ಇಷ್ಟು ಸಲೀಸಾಗಿ ನಡೆಯುತ್ತದೆ. ನಿಮಗೆ ಉಳಿಯುವುದು 18 ಲಕ್ಷದ ಶೇ 7.6, ಅಂದರೆ 1,36,800 ರೂಪಾಯಿ.

ಆದರೆ ಈ ಸಲಹೆ ಹುಟ್ಟಿದ್ದು ನಿಮ್ಮ ಹಿತಕ್ಕಲ್ಲ. ಮಾರುವವರು ಬೆಲೆ ಏರಿಕೆಯ ಲಾಭದ ಮೇಲೆ ಶೇ 12.5ರಷ್ಟು ಆದಾಯ ತೆರಿಗೆ ಕಟ್ಟಬೇಕು. ಪತ್ರದಲ್ಲಿ 18 ಲಕ್ಷ ಕಡಿಮೆಯಾದರೆ ಅವರಿಗೆ ಉಳಿಯುವುದು 2,25,000. ಆ ತೆರಿಗೆ ಮಾಯವಾಗುವುದಿಲ್ಲ, ನಿಮ್ಮ ತಲೆಗೆ ಬರುತ್ತದೆ. ಮುಂದೆ ನೀವೋ ನಿಮ್ಮ ಮಗನೋ ಈ ಫ್ಲಾಟನ್ನು ಮಾರುವಾಗ ಕೊಂಡ ಬೆಲೆ 62 ಲಕ್ಷ ಎಂದೇ ದಾಖಲೆಯಲ್ಲಿರುತ್ತದೆ. ನೀವು ನಗದಾಗಿ ಕೊಟ್ಟ 18 ಲಕ್ಷವೂ ಆಗ ‘ಲಾಭ’ ಎನಿಸಿಕೊಳ್ಳುತ್ತದೆ, ಅದರ ಮೇಲೆ ಇದೇ ದರ ಉಳಿದಿದ್ದರೆ 2,25,000 ರೂಪಾಯಿ ತೆರಿಗೆ ನಿಮ್ಮದು. ಈಗ ಒಂದು ಲಕ್ಷ ಮೂವತ್ತಾರು ಸಾವಿರ ಉಳಿಸಿಕೊಂಡು, ಮುಂದಕ್ಕೆ ಎರಡು ಕಾಲು ಲಕ್ಷದ ಸಾಲದ ಚೀಟಿಗೆ ಸಹಿ ಹಾಕಿದಂತೆ.

ಇಷ್ಟೇ ಆಗಿದ್ದರೆ ಲೆಕ್ಕದ ಮಾತು ಎನ್ನಬಹುದಿತ್ತು. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟು ನಗದಾಗಿ ಪಡೆದರೆ ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. 18 ಲಕ್ಷ ನಿಮ್ಮ ಖಾತೆಯಿಂದ ಹೊರಬಿದ್ದ ಗುರುತು ಬ್ಯಾಂಕಿನಲ್ಲಿರುತ್ತದೆ. ನಿವೃತ್ತ ಬ್ಯಾಂಕ್ ಉದ್ಯೋಗಿಗೆ ಇದನ್ನು ನಾನು ವಿವರಿಸಬೇಕೇ? ಜೊತೆಗೆ, ಬೆಂಗಳೂರಿನದೇ ಒಂದು ಆಸ್ತಿ ವ್ಯಾಜ್ಯದಲ್ಲಿ 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಎರಡು ಲಕ್ಷ ಅಥವಾ ಹೆಚ್ಚು ನಗದು ಕೊಟ್ಟಿದ್ದೇವೆ ಎಂದು ದಾವೆಯಲ್ಲೋ ನೋಂದಣಿಗೆ ಬಂದ ಪತ್ರದಲ್ಲೋ ಕಂಡರೆ ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕು ಎಂದು ನಿರ್ದೇಶನ ಕೊಟ್ಟಿದೆ. ಗೃಹಸಾಲ ಬೇಕಿದ್ದರೆ ಬ್ಯಾಂಕ್ ನೋಡುವುದು ಪತ್ರದ ಬೆಲೆಯನ್ನು.

ನನಗೆ ಮರೆಯಲಾಗದ್ದು ಮತ್ತೊಂದು. ನಾನು ನೋಂದಾಯಿಸಿದ್ದ ಒಂದು ನಿವೇಶನದ ಕ್ರಯಪತ್ರ ಹಲವು ವರ್ಷಗಳ ನಂತರ ನ್ಯಾಯಾಲಯದಲ್ಲಿ ಬಿದ್ದುಹೋಯಿತು, ಮಾರಿದವರಿಗೆ ಪೂರ್ಣ ಹಕ್ಕೇ ಇರಲಿಲ್ಲ. ಕೊಂಡಿದ್ದ ದಂಪತಿ ಪ್ರಮಾಣಿತ ನಕಲಿಗೆ ನಮ್ಮ ಕಚೇರಿಗೆ ಬಂದಿದ್ದರು. ಪತ್ರದಲ್ಲಿದ್ದ ಬೆಲೆ ಅವರು ಕೊಟ್ಟಿದ್ದರ ಅರ್ಧ. ಆ ಯಜಮಾನರು ಕಿಸೆಯಿಂದ ಮಡಚಿದ ಒಂದು ಚೀಟಿ ತೆಗೆದರು. ಉಳಿದರ್ಧ ಮುಟ್ಟಿದೆ ಎಂದು ಮಾರಿದವರು ಪೆನ್ಸಿಲಿನಲ್ಲಿ ಬರೆದುಕೊಟ್ಟಿದ್ದರಂತೆ; ಸಹಿ ಇಲ್ಲ, ದಿನಾಂಕ ಇಲ್ಲ. ‘ಇದಕ್ಕೆ ಬೆಲೆ ಇದೆಯೇ ಸಾರ್’ ಎಂದು ಕೇಳಿದರು. ಹಣ ವಾಪಸ್ ಕೇಳುವಾಗ ಕೈಗೆ ಬರುವುದು ಪತ್ರದಲ್ಲಿರುವ ಮೊತ್ತ. ಆ ಚೀಟಿಯನ್ನು ನಾನು ಅವರಿಗೆ ಮರಳಿ ಕೊಟ್ಟೆ.

ನೀವು ಕೇಳದಿದ್ದರೂ ದಲ್ಲಾಳಿ ಮುಂದೆ ಹೇಳಬಹುದಾದ ಇನ್ನೊಂದು ಉಪಾಯವಿದೆ: ಕ್ರಯಪತ್ರವೇ ಬೇಡ, ಕರಾರು ಮತ್ತು ಜಿಪಿಎ, ಅಂದರೆ ಸಾಮಾನ್ಯ ಅಧಿಕಾರ ಪತ್ರ, ಮಾಡಿಸಿಕೊಂಡು ಸ್ವಾಧೀನ ತೆಗೆದುಕೊಳ್ಳಿ ಎಂಬುದು. ಜಿಪಿಎಯಿಂದ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಸ್ವಾಧೀನ ಕೊಟ್ಟ ಕರಾರಿಗೆ ಕರ್ನಾಟಕದಲ್ಲಿ ಕ್ರಯಪತ್ರದಷ್ಟೇ ಮುದ್ರಾಂಕ ಬೀಳುತ್ತದೆ. ಕಡಿಮೆ ಹಾಕಿ ನ್ಯಾಯಾಲಯಕ್ಕೆ ಹೋದರೆ ಕೊರತೆಯ ಹತ್ತು ಪಟ್ಟು ದಂಡ ಕಟ್ಟುವವರೆಗೆ ಆ ಕಾಗದವನ್ನು ಸಾಕ್ಷ್ಯವಾಗಿ ಮುಟ್ಟುವುದಿಲ್ಲ. ಈ ದಾರಿಯ ಕಡೆ ತಲೆಯೂ ಹಾಕಬೇಡಿ.

ಸ್ನೇಹಿತರು ಹೇಳಿದ ಕಂಪನಿಯ ವಿಚಾರ ಬುದ್ಧಿವಂತಿಕೆಯದ್ದೇ. ದೊಡ್ಡ ವಾಣಿಜ್ಯ ಕಟ್ಟಡಗಳಲ್ಲಿ ಇದು ನಡೆಯುತ್ತದೆ. ಕಟ್ಟಡ ಒಂದು ಖಾಸಗಿ ಕಂಪನಿಯ ಹೆಸರಿನಲ್ಲಿರುತ್ತದೆ, ಕಟ್ಟಡ ಮಾರುವ ಬದಲು ಕಂಪನಿಯ ಷೇರುಗಳನ್ನೇ ಮಾರುತ್ತಾರೆ. ಖಾತೆ ಬದಲಾಗುವುದಿಲ್ಲ, ಕ್ರಯಪತ್ರ ಇಲ್ಲ, ಶೇ 5.6ರ ಜಾಗದಲ್ಲಿ ಶೇ 0.015. ಆಸ್ತಿಯ ಶುಲ್ಕಕ್ಕೂ ಷೇರಿನ ಶುಲ್ಕಕ್ಕೂ ಇರುವ ಅಂತರವನ್ನು ನೋಡಿ ಸಿಟ್ಟಾಗುವವರು ನೀವು, ಅದರೊಳಗೇ ಮನೆ ಕಟ್ಟಿಕೊಂಡವರು ಅವರು. ಕಂಪನಿಗಳ ವಿಲೀನದ ಮೂಲಕ ಆಸ್ತಿ ದಾಟಿಸುವ ದಾರಿಗೆ ರಾಜ್ಯಗಳು ಮುದ್ರಾಂಕ ಹಾಕಿವೆ, 2003ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿದೆ. ಬರೀ ಷೇರು ವರ್ಗಾವಣೆಗೆ ಮಾತ್ರ ರಾಜ್ಯದ ಕೈ ಹೋಗದು, ಏಕೆಂದರೆ ಆ ದರ ಕೇಂದ್ರದ್ದು.

ನಿಮಗೆ ಇದು ಹೊಂದುವುದಿಲ್ಲ. ಈ ಫ್ಲಾಟು ಈಗ ಒಬ್ಬ ವ್ಯಕ್ತಿಯ ಹೆಸರಿನಲ್ಲಿದೆ ಎಂದುಕೊಂಡಿದ್ದೇನೆ. ನೀವು ಕಂಪನಿ ಮಾಡಿ ಕೊಂಡರೂ ಈ ಖರೀದಿಗೆ 6,08,000 ಕಟ್ಟಲೇಬೇಕು. ಉಳಿತಾಯ ಏನಿದ್ದರೂ ಮುಂದಿನ ವರ್ಗಾವಣೆಗೆ. ಆ ಒಂದು ದಿನಕ್ಕಾಗಿ ಪ್ರತಿ ವರ್ಷ ಲೆಕ್ಕಪರಿಶೋಧನೆ, ಕಂಪನಿ ರಿಟರ್ನ್‌ಗಳು, ಸಿಎ ಸಂಭಾವನೆ. ವ್ಯಕ್ತಿಗಳಿಗೆ ಸಿಗುವ ಗೃಹಸಾಲ ಕಂಪನಿಗೆ ಸಿಗುವುದಿಲ್ಲ. ಒಂದು ಮನೆ ಮಾರಿ ಇನ್ನೊಂದು ಕೊಂಡಾಗ ಸಿಗುವ ತೆರಿಗೆ ವಿನಾಯಿತಿಯೂ ಇಲ್ಲ. ಷೇರನ್ನು ಅಗ್ಗವಾಗಿ ತೋರಿಸಿ ದಾಟಿಸೋಣ ಎಂದರೆ, ಆದಾಯ ತೆರಿಗೆಯವರು ಕಂಪನಿಯ ಸ್ಥಿರಾಸ್ತಿಯನ್ನು ಮಾರ್ಗಸೂಚಿ ದರದಲ್ಲೇ ಲೆಕ್ಕ ಹಾಕುತ್ತಾರೆ. ಮುಂದೆ ಕೊಳ್ಳುವವರು ನಿಮ್ಮ ಕಂಪನಿಯ ಹಳೆಯ ಸಾಲ, ಬಾಕಿ, ವ್ಯಾಜ್ಯಗಳನ್ನೂ ಜೊತೆಗೇ ಕೊಳ್ಳಬೇಕು. ಒಂದು ಫ್ಲಾಟಿಗಾಗಿ ಅದನ್ನು ಒಪ್ಪುವವರು ಎಷ್ಟು ಮಂದಿ?

ಹೆಂಡತಿಯ ಹೆಸರಿನ ರಿಯಾಯಿತಿ ದೆಹಲಿಯಲ್ಲಿದೆ. ಅಲ್ಲಿ ಮಹಿಳೆಯರಿಗೆ ಶೇ 4, ಪುರುಷರಿಗೆ ಶೇ 6. ಕರ್ನಾಟಕದಲ್ಲಿ ಇಲ್ಲ. ಬೇರೆ ಕಾರಣಗಳಿಗೆ ಅವರ ಹೆಸರು ಸೇರಿಸುವುದಾದರೆ ಸಂತೋಷ.

ಇನ್ನು ಮಾಡಬಹುದಾದದ್ದು. ನಿಮ್ಮ ನಿಜವಾದ ಉಳಿತಾಯ ಇರುವುದು ಈ ಖರೀದಿಯಲ್ಲಲ್ಲ, ಇದರ ಮುಂದಿನ ವರ್ಗಾವಣೆಯಲ್ಲಿ. ಫ್ಲಾಟು ಕೊನೆಗೆ ಮಗನಿಗೆ ಎಂದು ಮನಸ್ಸಿನಲ್ಲಿದ್ದರೆ ಅವನನ್ನೂ ಈಗಲೇ ಖರೀದಿದಾರನನ್ನಾಗಿ ಸೇರಿಸಿಕೊಳ್ಳಬಹುದು. ಇಬ್ಬರ ಹೆಸರಿದ್ದ ಮಾತ್ರಕ್ಕೆ ಶುಲ್ಕ ಹೆಚ್ಚಾಗುವುದಿಲ್ಲ. ಯಾರ ಹಣ ಎಷ್ಟು ಎಂಬುದು ಬ್ಯಾಂಕ್ ಮೂಲಕವೇ ಹೋಗಲಿ, ಪತ್ರದಲ್ಲಿ ಪಾಲು ಸ್ಪಷ್ಟವಿರಲಿ. ಅಪಾಯವೆಂದರೆ, ಮುಂದೆ ಮಾರಬೇಕಾದಾಗ ಅವನ ಸಹಿ ಇಲ್ಲದೆ ಆಗದು. ಅವನ ಸಾಲಗಾರರ ಕಣ್ಣೂ ಅವನ ಪಾಲಿನ ಮೇಲೆ ಬೀಳಬಹುದು.

ಇಲ್ಲವೇ ಈಗ ನಿಮ್ಮ ಹೆಸರಿನಲ್ಲೇ ಕೊಂಡು, ಮುಂದೆ ದಾನಪತ್ರ ಮಾಡಿಕೊಡಬಹುದು. ಮಗ, ಮಗಳು, ಹೆಂಡತಿಯಂಥ ಹತ್ತಿರದವರಿಗೆ ಮಾಡುವ ದಾನಕ್ಕೆ ಕರ್ನಾಟಕದಲ್ಲಿ ಮುದ್ರಾಂಕ ಆಸ್ತಿಯ ಮೌಲ್ಯದ ಮೇಲೆ ಅಲ್ಲ, ನಿಗದಿತ ಸಣ್ಣ ಮೊತ್ತ. ಜನ ಇದನ್ನು ತಿಳಿಯದೆ ಅಪ್ಪನಿಂದ ಮಗನಿಗೆ ಕ್ರಯಪತ್ರ ಮಾಡಿಸಲು ಬರುತ್ತಿದ್ದರು, ನಾನೇ ಎಷ್ಟೋ ಸಲ ವಾಪಸ್ ಕಳಿಸಿದ್ದೇನೆ. ಆದರೆ ಕೊಟ್ಟ ದಾನವನ್ನು ಮನಸ್ಸು ಮುರಿಯಿತೆಂದು ನೀವೊಬ್ಬರೇ ಹಿಂತೆಗೆದುಕೊಳ್ಳಲಾಗುವುದಿಲ್ಲ. ಮಾಡುವುದಾದರೆ, ನಿಮ್ಮಿಬ್ಬರನ್ನು ಕೊನೆಯವರೆಗೆ ನೋಡಿಕೊಳ್ಳಬೇಕು ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. ಆಗ ಹಿರಿಯ ನಾಗರಿಕರ 2007ರ ಕಾಯ್ದೆಯ ಆಸರೆ ಇರುತ್ತದೆ. ಮಗ ಒಳ್ಳೆಯವನು ಎಂಬುದು ಈ ವಾಕ್ಯವನ್ನು ಬಿಡಲು ಕಾರಣವಾಗಬಾರದು. ಮೂರನೆಯದು ಉಯಿಲು. ಅದಕ್ಕೆ ಮುದ್ರಾಂಕವೇ ಇಲ್ಲ, ನೋಂದಣಿಯೂ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ನಿಮ್ಮ ವಯಸ್ಸಿಗೆ, ನಿಮ್ಮ ಸ್ಥಿತಿಗೆ ನಾನಾದರೆ ಉಯಿಲನ್ನೇ ಆರಿಸಿಕೊಳ್ಳುತ್ತಿದ್ದೆ.

ಕಟ್ಟಿದ 6,08,000ದ ಚಲನ್‌ಗಳನ್ನು ಕ್ರಯಪತ್ರದ ಜೊತೆಯಲ್ಲೇ ಇಡಿ. ಮುಂದೆ ಮಾರಿದರೆ ಅದು ನಿಮ್ಮ ಖರೀದಿ ವೆಚ್ಚಕ್ಕೆ ಸೇರುತ್ತದೆ, ಅಷ್ಟರ ಮಟ್ಟಿಗೆ ಲಾಭದ ತೆರಿಗೆ ಇಳಿಯುತ್ತದೆ. ನೀವಿನ್ನೂ ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿದ್ದರೆ ಒಂದೂವರೆ ಲಕ್ಷದ ಮಿತಿಯೊಳಗೆ ಈ ವರ್ಷವೇ ಒಂದಷ್ಟು ಕಡಿತ ಕೇಳಬಹುದು. ಬೆಲೆ 50 ಲಕ್ಷ ದಾಟಿರುವುದರಿಂದ ಮಾರುವವರಿಗೆ ಕೊಡುವ ಹಣದಲ್ಲಿ ಶೇ 1, ಅಂದರೆ 80,000 ರೂಪಾಯಿಯನ್ನು ಟಿಡಿಎಸ್ ಎಂದು ಹಿಡಿದು ಕಟ್ಟುವ ಹೊಣೆ ನಿಮ್ಮದು. ದಲ್ಲಾಳಿಗಳು ಇದನ್ನು ಹೇಳುವುದಿಲ್ಲ. ಮರೆತರೆ ನೋಟಿಸ್ ಬರುವುದು ಕೊಂಡವರಿಗೆ. ಪತ್ರಕ್ಕೆ ಸಹಿಯಾದ ಮೇಲೆ ನಾಲ್ಕು ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು. ಮೊದಲು ಇ-ಖಾತಾ ಮತ್ತು ಆಸ್ತಿಯ ಮೇಲೆ ಸಾಲ, ಹೊರೆ ಇದೆಯೇ ಎಂದು ತೋರಿಸುವ ಋಣಭಾರ ಪತ್ರ ನೋಡಿಕೊಳ್ಳಿ.

ಪುಣೆಯಲ್ಲಿರುವ ಮಗನ ಷೇರು ಶುಲ್ಕದ ಮಾತು ಉಳಿಯಿತು. ಅವನ ಡಿಮ್ಯಾಟ್ ಖಾತೆಯಲ್ಲಿ ದಾವಣಗೆರೆಯ ವಿಳಾಸವೇ ಇದ್ದರೆ ಆ ಸಾವಿರದ ಇನ್ನೂರು ಇಷ್ಟು ದಿನ ಕರ್ನಾಟಕಕ್ಕೇ ಬರುತ್ತಿದೆ. ಪುಣೆಯ ವಿಳಾಸಕ್ಕೆ ಬದಲಿಸಿದ ದಿನದಿಂದ ಮಹಾರಾಷ್ಟ್ರಕ್ಕೆ ಹೋಗುತ್ತದೆ. ದರ ಎಲ್ಲೆಡೆ ಒಂದೇ ಆದ್ದರಿಂದ ಅವನಿಗೆ ಒಂದು ಪೈಸೆಯೂ ವ್ಯತ್ಯಾಸವಾಗುವುದಿಲ್ಲ. ವಿಳಾಸ ಅವನು ನಿಜವಾಗಿ ಇರುವ ಊರಿನದ್ದೇ ಇರಲಿ.